ಹಿಡಿ ಅಂದರೆ ಬಿಡು

ಬೀಗದ ಕೆಲಸ ಮಾಡಬಹುದು, ಬೀಗರ ಹತ್ತಿರ ಕೆಲಸ ಮಾಡಬಾರದು. ಅಂಗಡಿ ಇದ್ದ ಕಾಲದಲ್ಲಿ ಬೀಗದವನು ಈ ಮಾತನ್ನು ಗಿರಾಕಿಗಳಿಗೆ ಹೇಳಿ ಹೇಳಿ ನಗಿಸಿದ್ದ. ಆಡಿದ ಮಾತು ಸುಮ್ಮನೆ ಹೋಗುತ್ತದೆಯೇ? ಬೆರಳು ಒತ್ತಿದರೆ ತೆರೆದುಕೊಳ್ಳುವ ಬಾಗಿಲುಗಳು ಬಂದವು, ಬೀಗದ ಕೈ ಮಾಡಿಸುವವರು ಇಲ್ಲವಾದರು, ಕೊನೆಗೆ ತನ್ನ ಅಂಗಡಿಗೆ ತಾನೇ ಬೀಗ ಜಡಿದು ಮನೆಗೆ ಬಂದ. ಆಗ ಕೈ ಹಿಡಿದು ಕೆಲಸಕ್ಕೆ ಸೇರಿಸಿದವನು ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಷಡ್ಡಕ ಬೀಗನಲ್ಲ ಅಂತ ನೀವು ಹೇಳಬಹುದು. ಸರಿ, ಬೀಗನಲ್ಲ. ಆದರೆ ನೆಂಟ ನೆಂಟನೇ. ಹೆಂಡತಿ ಅವನನ್ನು ಭಾವ ಅಂತ ಕರೆಯುತ್ತಾಳೆ ಅಂತ ಇವನೂ ಭಾವ ಅಂತಲೇ ಕರೆಯುತ್ತಿದ್ದ.

ಭಾವ ಲಿಫ್ಟ್ ರಿಪೇರಿಯ ಮೇಸ್ತ್ರಿ. ಇವನಿಗೆ ಕೊಟ್ಟ ಕೆಲಸ ಏನಪ್ಪಾ ಅಂದರೆ, ಕೂರುವುದು. ಹಳೆಯ ಕಟ್ಟಡಗಳ ನೆತ್ತಿಯ ಮೇಲೆ ಗೂಡಿನಂಥ ಒಂದು ಕೋಣೆ ಇರುತ್ತದೆ. ಅದರಲ್ಲಿ ಮೋಟಾರು, ಒಂದು ದೊಡ್ಡ ಗಾಲಿ, ಗಾಲಿಯ ಮೇಲೆ ಹಾದು ನೆಲದ ತೂತಿನಲ್ಲಿ ಕೆಳಗಿಳಿಯುವ ಉಕ್ಕಿನ ಹಗ್ಗಗಳು, ಒಂದು ಬ್ರೇಕು. ಭಾವ ಕರೆಂಟು ತೆಗೆಸಿ, ಕೆಳಗೆ ಲಿಫ್ಟಿನ ಡಬ್ಬದ ತಲೆಯ ಮೇಲೆ ಹತ್ತಿ ನಿಂತು, ಟಾರ್ಚು ಹಿಡಿದು ಹಗ್ಗ, ಕಂಬಿ ಎಲ್ಲ ನೋಡುತ್ತಾ ಬರುತ್ತಾನೆ. ಒಂದು ಕಡೆ ನೋಡಿ ಆದ ಮೇಲೆ ಡಬ್ಬ ಸ್ವಲ್ಪ ಮೇಲೆ ಬರಬೇಕು. ಆಗ ಮೇಲೆ ಕೂತವನು ಬ್ರೇಕಿನ ಲಿವರ್ ಎಳೆಯಬೇಕು. ಎಳೆದರೆ ಬ್ರೇಕು ಸಡಿಲವಾಗುತ್ತದೆ, ಹಗ್ಗದ ಆ ತುದಿಯಲ್ಲಿ ತೂಗುವ ಕಬ್ಬಿಣದ ಭಾರ ಇಳಿಯುತ್ತದೆ, ಈ ತುದಿಯಲ್ಲಿ ಡಬ್ಬ ಏರುತ್ತದೆ. ಲಿವರಿನಿಂದ ಕೈ ತೆಗೆದರೆ ಬ್ರೇಕು ಕಚ್ಚಿಕೊಂಡು ಡಬ್ಬ ನಿಲ್ಲುತ್ತದೆ. ಮಗು ಕೂಡ ಮಾಡುವ ಕೆಲಸ ಅಂತ ಭಾವ ಅಂದಿದ್ದ.

ಮಗುವಾದರೆ ಮಾಡೀತು. ಅದಕ್ಕಿನ್ನೂ ಮಾತು ಬರುವುದಿಲ್ಲ. ಇಲ್ಲಿ ತಾಪತ್ರಯವೆಲ್ಲ ಮಾತಿನದೇ. ಡಬ್ಬ ಮೇಲೆ ಬರಲಿ ಅನ್ನುವುದಕ್ಕೆ ಇವರು ಹೇಳುವುದು "ಬಿಡು". ಬ್ರೇಕು ಬಿಡು ಅಂತ ಅರ್ಥ. ನಿಲ್ಲಲಿ ಅನ್ನುವುದಕ್ಕೆ "ಹಿಡಿ", ಬ್ರೇಕು ಹಿಡಿಯಲಿ ಅಂತ. ಆದರೆ ಬಿಡು ಅಂದಾಗ ಕೈ ಲಿವರನ್ನು ಹಿಡಿದು ಎಳೆಯಬೇಕು, ಹಿಡಿ ಅಂದಾಗ ಕೈ ಅದನ್ನು ಬಿಡಬೇಕು. ಹುಟ್ಟಿದಾಗಿನಿಂದ ಕಲಿತ ಎರಡು ಮಾತು ಈ ಕೋಣೆಯೊಳಗೆ ಬಂದ ಕೂಡಲೇ ತಲೆಕೆಳಗು. ಯಾವ ಪುಣ್ಯಾತ್ಮ ಮಾಡಿದ ಕಟ್ಟಳೆಯೋ, ಅವನ ಬುದ್ಧಿಗಿಷ್ಟು ಬೆಂಕಿ ಹಾಕ.

"ಅದಕ್ಕೇ ಮೂರು ಸಲ ಮಾತು," ಅಂತ ಭಾವ ಮೊದಲ ದಿನವೇ ಹೇಳಿಕೊಟ್ಟಿದ್ದ. "ನಾನು ಬಿಡು ಅಂತೀನಿ. ನೀನು ಬಿಡಲಾ ಅಂತ ಕೇಳ್ಬೇಕು. ನಾನು ಇನ್ನೊಂದ್ಸಲ ಬಿಡು ಅಂದ್ರೆ ಮಾತ್ರ ಎಳೀಬೇಕು. ಹಿಡಿ ಅಂದ್ರೆ ಕೇಳೋದಿಲ್ಲ ಗೀಳೋದಿಲ್ಲ, ಕೈ ತೆಗೆದುಬಿಡೋದೇ. ಇನ್ನೊಂದು. ನಾನು ಬಾವಿ ಒಳಗಿರುವಾಗ ಆ ಎರಡು ಮಾತು ಹರಟೆಯಲ್ಲಿ ಬರಕೂಡದು. ಬೈಯೋದಾದ್ರೆ ಬೈ, ಹಾಡೋದಾದ್ರೆ ಹಾಡು. ಪರವಾಗಿಲ್ಲ ಅನ್ನೋದಕ್ಕೆ ಬಿಡು ಅನ್ನಬೇಡ. ಇರ್ಲಿ ಅನ್ನು."

ಲಿಫ್ಟ್ ಓಡಾಡುವ ಆ ಕತ್ತಲೆಯ ಕೊಳವೆಗೆ ಅವರು ಬಾವಿ ಅಂತಲೇ ಹೆಸರಿಟ್ಟಿದ್ದರು.

ಬೀಗದವನು ಮನೆಯಲ್ಲಿ ಅಭ್ಯಾಸ ಮಾಡಿದ. ಹೆಂಡತಿ ಒಲೆಯ ಮುಂದೆ ನಿಂತು ಮುಖ ತಿರುಗಿಸದೇ "ಹಿಡಿ" ಅನ್ನುವಳು, ಇವನು ಕೈಯಲ್ಲಿದ್ದ ಸೌಟು ಬಿಡುವನು. ಸೌಟು ಟಣ್ ಅಂತ ನೆಲಕ್ಕೆ ಬೀಳುವುದು. ಅವಳಿಗೆ ನಗು. "ನಮ್ಮನೇಲಿ ಪಾತ್ರೆ ಪಡಗ ಉಳಿಯೋ ಹಾಗಿಲ್ಲ," ಅನ್ನುವಳು. ಇವನು ನಗುತ್ತಿರಲಿಲ್ಲ. ಇವನಿಗೆ ಭಯ.

ಎಂಥ ಭಯ ಅಂದರೆ, ಬೆಳಗ್ಗೆ ಒಂದು ಚಪ್ಪಲಿ ಮೆಟ್ಟಿ ಇನ್ನೊಂದನ್ನು ಮೆಟ್ಟದೆ ಹೊಸ್ತಿಲಲ್ಲೇ ಕೂತುಬಿಡುವನು. ಎತ್ತರದ ಭಯವಲ್ಲ, ಕತ್ತಲೆಯ ಭಯವೂ ಅಲ್ಲ. ತನ್ನ ಕೈಯದೇ ಭಯ. ಬೀಗ ಕೆಟ್ಟರೆ ಒಬ್ಬ ಮನೆಯ ಹೊರಗೆ ನಿಂತಾನು, ಅಷ್ಟೇ. ಇಲ್ಲಿ ತೂತಿನಲ್ಲಿ ಬಗ್ಗಿ ನೋಡಿದರೆ, ಕೆಳಗೆ ಟಾರ್ಚಿನ ಬೆಳಕಲ್ಲಿ ಭಾವನ ಬೊಕ್ಕ ತಲೆ ಕಾಣುತ್ತಿತ್ತು. ತನ್ನ ಹೆಂಡತಿಯನ್ನು ಮಗಳ ಹಾಗೆ ಸಾಕಿದ ಅಕ್ಕನ, ಅಂದರೆ ಇವನ ಅತ್ತಿಗೆಯ, ತಾಳಿಭಾಗ್ಯ ತನ್ನ ಅಂಗೈಯಲ್ಲಿದೆ ಅಂತ ಅನ್ನಿಸಿ, ಅಂಗೈ ಬೆವೆತು, ಬೆವೆತದ್ದಕ್ಕೆ ಲಿವರ್ ಜಾರೀತು ಅಂತ ಇನ್ನಷ್ಟು ಹೆದರಿಕೆಯಾಗುತ್ತಿತ್ತು.

ಕೆಲಸ ಬಿಡೋಣ ಅಂದರೆ ಅದಕ್ಕೂ ಭಯ. ಅತ್ತ ದರಿ, ಇತ್ತ ಪುಲಿ. ಭಾವನ ಸ್ವಂತ ತಮ್ಮ ಮುಂಚೆ ಇದೇ ಕೆಲಸದಲ್ಲಿದ್ದು ಬಿಟ್ಟು ಹೋದವನು. ಅವತ್ತಿನಿಂದ ಆ ಮನೆಯಲ್ಲಿ ಅವನ ಸುದ್ದಿ ಯಾರೂ ಎತ್ತುವುದಿಲ್ಲ. ಗೋಡೆಯ ಮೇಲಿನ ಫೋಟೋ ಕೂಡ ತೆಗೆದಿದ್ದಾರೆ, ಮೊಳೆ ಮಾತ್ರ ಹಾಗೇ ಇದೆ. ಇಂಥ ಮನುಷ್ಯನ ಹತ್ತಿರ ಹೋಗಿ ನನಗೂ ಬೇಡ ಅನ್ನುವುದು ಹೇಗೆ?

"ತಾಯಿ ಸತ್ತ ಮೇಲೆ ನನಗೆ ಜಡೆ ಹಾಕಿದೋಳು ಅಕ್ಕ," ಅಂದಿದ್ದಳು ಹೆಂಡತಿ. "ಆ ಬಾಗಿಲೇ ನನ್ನ ತವರಿನ ಬಾಗಿಲು. ನಿಮಗೆ ಅಷ್ಟು ಕಷ್ಟ ಆದ್ರೆ ಬೇಡ, ನಾನು ಬಲವಂತ ಮಾಡಲ್ಲ. ಆದ್ರೆ ಆ ಬಾಗಿಲು ಮುಚ್ಚಿಸಿಬಿಡಬೇಡಿ. ಮುಖ ಮುರೀದ ಹಾಗೆ ಹೇಳಿ ಬನ್ನಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೇಳುವುದು ಸುಲಭ. ಬೀಗದವನು ದಿನಾ ಹೇಳಬೇಕು ಅಂತ ಹೋಗುವನು, ಭಾವನ ಮುಖ ನೋಡಿದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುವುದು. ಹೀಗೇ ದಿನ ನೂಕುತ್ತಿದ್ದಾಗ ಒಂದು ಬೆಳಗ್ಗೆ ಭಾವ ಬೆನ್ನು ತಟ್ಟಿ ಅಂದ, "ನಾಳೆ ನಿನ್ನನ್ನ ಮಾಲೀಕರ ಮುಂದೆ ನಿಲ್ಲಿಸ್ತೀನಿ. ಖಾಯಂ ಮಾಡಿಸಿಬಿಡೋಣ. ಇವನು ನಮ್ಮೋನು, ಇವನಿಗೆ ನಾನು ಹೊಣೆ ಅಂತ ಆಗಲೇ ಹೇಳಿಟ್ಟಿದೀನಿ."

ಇನ್ನೇನು, ಇವತ್ತು ಹೇಳದಿದ್ದರೆ ಕೆಲಸ ಕುತ್ತಿಗೆಗೇ ಬಿತ್ತು. ನಾಳೆ ಭಾವ ಹೊಣೆ ಹೊತ್ತ ಮೇಲೆ ಬೇಡ ಅಂದರೆ ಅವನ ಮರ್ಯಾದೆ ಹೋಗುತ್ತದೆ, ಮರ್ಯಾದೆ ಹೋದ ಮೇಲೆ ಗೋಡೆಯಲ್ಲಿ ಇನ್ನೊಂದು ಮೊಳೆ ಖಾಲಿ.

ಆವತ್ತಿನ ಕೆಲಸ ಹಳೆಯ ಆಫೀಸು ಕಟ್ಟಡವೊಂದರಲ್ಲಿ. ಬೀಗದವನು ಕಬ್ಬಿಣದ ಏಣಿ ಹತ್ತಿ ನೆತ್ತಿಯ ಕೋಣೆ ಸೇರಿದ. ಗ್ರೀಸಿನ ವಾಸನೆ, ಪಾರಿವಾಳದ ಪುಕ್ಕ, ಧೂಳು ಕೂತ ಕಿಟಕಿ. ಭಾವ ಕೆಳಗೆ ಬಾವಿಗಿಳಿದು ಕೂಗಿದ, ಇವನು ಕೇಳಿದ, ಭಾವ ಮತ್ತೆ ಹೇಳಿದ, ಇವನು ಎಳೆದ, ನಿಲ್ಲಿಸಿದ. ಮಧ್ಯಾಹ್ನದವರೆಗೆ ಎಲ್ಲ ಕಟ್ಟಳೆಯ ಪ್ರಕಾರವೇ ನಡೆಯಿತು. ಡಬ್ಬ ಮಹಡಿ ಮಹಡಿಯಾಗಿ ಮೇಲೆ ಬಂದು, ಈಗ ಭಾವನ ಉಸಿರಾಟ ಕೂಡ ಕೇಳುವಷ್ಟು ಹತ್ತಿರದಲ್ಲಿತ್ತು.

ಆಗ ಬೀಗದವನಿಗೆ ಹೊಳೆಯಿತು. ಭಾವನ ಮುಖ ಕಾಣುತ್ತಿಲ್ಲ, ಬರೀ ಟಾರ್ಚಿನ ಬೆಳಕು. ಬೆಳಕಿಗೆ ಹೇಳಬಹುದು. ಮುಖಕ್ಕೆ ಹೇಳಲಾಗದ್ದನ್ನು ತೂತಿನೊಳಗೆ ಹೇಳಿಬಿಟ್ಟರಾಯಿತು.

"ಭಾವ."

"ಏನು?"

"ಒಂದು ಮಾತಿತ್ತು."

"ಹೇಳು. ಕೈ ಲಿವರ್ ಮೇಲೇ ಇದೆ ತಾನೆ?"

"ಇದೆ." ಇತ್ತು. ಒದ್ದೆಯಾಗಿತ್ತು. "ನಾಳೆ ಮಾಲೀಕರ ಹತ್ರ ಹೋಗೋದು ಬೇಡ ಭಾವ."

"ಯಾಕೆ? ಹುಷಾರಿಲ್ವಾ?"

ಕೆಲಸ ಬಿಡ್ತೀನಿ ಅನ್ನಬೇಕು. ಆದರೆ ಆ ಮಾತು ಇಲ್ಲಿ ಆಡುವ ಹಾಗಿಲ್ಲ. ನೋಡಿ ಗ್ರಹಚಾರ, ಬಿಡುವವನಿಗೆ ಬಿಡ್ತೀನಿ ಅನ್ನಲೂ ಸ್ವಾತಂತ್ರ್ಯವಿಲ್ಲ. ಬೀಗದವನು ಸುತ್ತಿ ಬಳಸಿ ಹೊರಟ. "ಹುಷಾರಿದೀನಿ. ಈ ಕೆಲಸ ನನ್ನ ಕೈಲಿ ಆಗಲ್ಲ ಅನ್ಸುತ್ತೆ. ನಾಳೆಯಿಂದ ನಾನು... ನಾನು ಬರದೇ ಇದ್ರೆ ನಿಮಗೆ ತೊಂದರೆ ಆಗುತ್ತಾ ಅಂತ."

ಟಾರ್ಚಿನ ಬೆಳಕು ಅಲ್ಲಾಡುವುದು ನಿಂತಿತು.

"ಭಯಾನಾ?" ಅಂತ ಭಾವ ಕೇಳಿದ.

"ಭಯ," ಅಂದ ಬೀಗದವನು. ಒಂದು ಸಲ ಬಾಯಿಂದ ಬಂದದ್ದೇ ತಡ, ಕಟ್ಟೆ ಒಡೆದ ಹಾಗಾಯಿತು. "ದಿನಾ ಭಯ. ನಿಮ್ಮ ತಲೆ ನೋಡಿದ್ರೆ ಭಯ. ನೀವು ಮಾತು ಕೊಟ್ಟು ಸೇರಿಸಿದ್ರಿ, ನಾನು ಹೀಗೆ ಮಾಡ್ತಿದೀನಿ. ಅತ್ತಿಗೆ ಏನಂದ್ಕೋತಾರೋ. ನಿಮ್ಮ ತಮ್ಮನ ಹಾಗೆ ನಮ್ಮನ್ನೂ ದೂರ ಮಾಡಿದ್ರೆ ಇವಳು ಬದುಕಲ್ಲ. ಅವಳಿಗೆ ನಿಮ್ಮ ಮನೆ ಅಲ್ದೆ ಇನ್ಯಾರಿದಾರೆ? ತಪ್ಪು ತಿಳೀಬೇಡಿ ಭಾವ. ಇದೊಂದು ಸಲ ಕ್ಷಮಿಸಿ."

 ಕೆಳಗಿನಿಂದ ಭಾವನ ದನಿ ಬಂತು. ಬೈಗುಳವಲ್ಲ, ಸಿಟ್ಟೂ ಅಲ್ಲ. ಅಷ್ಟು ಮೃದುವಾಗಿ ಅವನು ಮಾತಾಡಿದ್ದನ್ನು ಬೀಗದವನು ಯಾವತ್ತೂ ಕೇಳಿರಲಿಲ್ಲ.

"ಅಯ್ಯೋ ಮಾರಾಯ, ಅದಕ್ಕೆಲ್ಲ ಯಾಕೆ ಇಷ್ಟು... ಬಿಡು."

ಬೀಗದವನ ಮನಸ್ಸು ಕೇಳಿಸಿಕೊಂಡದ್ದು ಕ್ಷಮೆಯನ್ನು. ಕೈ ಕೇಳಿಸಿಕೊಂಡದ್ದು ಬೇರೆ. ಮನಸ್ಸು ಉಸ್ಸಪ್ಪಾ ಅಂತ ಕೂರುವ ಮೊದಲೇ ಕೈ ತನ್ನ ಪಾಡಿಗೆ ಲಿವರ್ ಎಳೆದಾಗಿತ್ತು.

ಗಾಲಿ ತಿರುಗಿತು. ಹಗ್ಗಗಳು ಸರಸರ ಓಡಿದವು. ತೂತಿನಲ್ಲಿ ಟಾರ್ಚಿನ ಬೆಳಕು ದೊಡ್ಡದಾಗುತ್ತಾ ಬಂತು.

"ಹಿಡಿ," ಅಂತ ಭಾವ ಕೂಗಿದ. "ಹಿಡಿಯೋ, ಹಿಡಿ."

ಬೀಗದವನು ಹಿಡಿದ. ಎರಡೂ ಕೈಯಲ್ಲಿ ಹಿಡಿದ. ಜೀವ ಹೋಗುವ ಹೊತ್ತಿನಲ್ಲಿ ಹಿಡಿ ಅಂತ ಒಬ್ಬ ಕೂಗಿದರೆ ಹಿಡಿಯದೆ ಇರುವ ಕೈ ಯಾವುದು? ಅಡುಗೆಮನೆಯಲ್ಲಿ ಸೌಟು ಬೀಳಿಸಿ ಬೀಳಿಸಿ ಕಲಿತದ್ದೆಲ್ಲ ಗಾಳಿಗೆ ಹೋಯಿತು. ಅವನು ಎಷ್ಟು ಹಿಡಿದನೋ ಬ್ರೇಕು ಅಷ್ಟು ತೆರೆಯಿತು, ಡಬ್ಬ ಅಷ್ಟು ಜೋರಾಗಿ ಏರಿತು. ಯಾಕೆ ನಿಲ್ಲುತ್ತಿಲ್ಲ, ಹಿಡಿದಿದ್ದೀನಲ್ಲ, ಇಷ್ಟು ಗಟ್ಟಿಯಾಗಿ ಹಿಡಿದಿದ್ದೀನಲ್ಲ ದೇವರೇ, ಅಂತ ಅವನ ಬಾಯಿ ಒದರುತ್ತಿತ್ತು. ಬಾವಿಯ ಚಾವಣಿಗೆ ಅಡ್ಡವಾಗಿ ಒಂದು ಕಬ್ಬಿಣದ ತೊಲೆ ಇದೆ ಅಂತ ಭಾವ ಬೆಳಗ್ಗೆ ತೋರಿಸಿದ್ದು ಕಣ್ಣ ಮುಂದೆ ಬಂತು.

"ಕೈ ತೆಗಿಯೋ!"

ಆ ಮಾತು ಕಟ್ಟಳೆಯಲ್ಲಿ ಇರಲಿಲ್ಲ. ಅದಕ್ಕೇ ನೇರವಾಗಿ ಕೈಗೆ ಮುಟ್ಟಿತು. ಬೀಗದವನು ಬೆಂಕಿ ತಗುಲಿದವನ ಹಾಗೆ ಎರಡೂ ಕೈ ಎತ್ತಿದ. ಬ್ರೇಕು ಕಚ್ಚಿತು. ಕೋಣೆ ಒಂದು ಸಲ ಅದುರಿತು. ಆಮೇಲೆ ಏನೂ ಇಲ್ಲ.

ತೂತಿನಲ್ಲಿ ಬೆಳಕು ಇರಲಿಲ್ಲ.

"ಭಾವ," ಅಂದ. ದನಿ ಹೊರಡಲಿಲ್ಲ. ಇನ್ನೊಂದು ಸಲ "ಭಾವ" ಅಂದ. ಬಗ್ಗಿ ನೋಡಲು ಧೈರ್ಯವಿಲ್ಲ. ಕೈ ಎರಡೂ ಇನ್ನೂ ಮೇಲೆತ್ತಿಕೊಂಡೇ ಕೂತಿದ್ದ. ಅತ್ತಿಗೆಗೆ ಏನು ಹೇಳಲಿ ಅಂತ ಯೋಚಿಸಿದ. ನಿಮ್ಮ ಯಜಮಾನರು ನನ್ನನ್ನು ಕ್ಷಮಿಸುತ್ತಿದ್ದರು, ಅಷ್ಟರಲ್ಲಿ ನಾನು ಕೊಂದೆ ಅನ್ನಲೇ?

ಕೆಳಗೆ ಯಾರೋ ಕೆಮ್ಮಿದರು.

"ಇದೀನಿ," ಅಂದ ಭಾವ. ತುಂಬ ಹತ್ತಿರದಿಂದ, ತೂತಿನ ಬಾಯಿಂದಲೇ ಎಂಬಂತೆ ಆ ದನಿ ಬಂತು. "ಏನೂ ಮುಟ್ಟಬೇಡ. ಏನಂದ್ರೆ ಏನೂ ಮುಟ್ಟಬೇಡ. ಏಣಿ ಇಳಿದು ಕೊನೇ ಮಹಡಿಯ ಲಿಫ್ಟ್ ಬಾಗಿಲು ತೆಗಿ."

ಏಣಿ ಹೇಗೆ ಇಳಿದನೋ ಅವನಿಗೆ ನೆನಪಿಲ್ಲ. ಲಿಫ್ಟಿನ ಬಾಗಿಲನ್ನು ಹೊರಗಿನಿಂದ ತೆರೆಯಲು ಮೂಲೆಯಲ್ಲಿ ಸಣ್ಣದೊಂದು ಬೀಗ ಇರುತ್ತದೆ. ಬೀಗ ಕಂಡ ಕೂಡಲೇ ಕೈ ಮಾತ್ರ ತನ್ನ ಹಳೆಯ ಸ್ಥಿತಿಗೆ ಬಂದು, ಜೇಬಿನಲ್ಲಿದ್ದ ಕೀಲಿ ತೆಗೆದು ತಿರುಗಿಸಿತು. ಬಾಗಿಲು ಸರಿಯಿತು. ಡಬ್ಬದ ತಲೆ ಬಾಗಿಲಿನ ಮೇಲಂಚಿಗೆ ಹತ್ತಿರ ಬಂದು ನಿಂತಿತ್ತು, ನಡುವೆ ಒಬ್ಬ ಮನುಷ್ಯ ಮಲಗಿಕೊಂಡು ನುಸುಳುವಷ್ಟು ಸಂದು. ಭಾವ ಮಕಾಡೆ ಬಿದ್ದಿದ್ದ. ತೆವಳಿಕೊಂಡು ಹೊರಗೆ ಬರತೊಡಗಿದ. ಅರ್ಧ ಮೈ ಹೊರಗೆ, ಅರ್ಧ ಒಳಗೆ ಇದ್ದಾಗ ಡಬ್ಬ ಕಿರ್ ಅಂತು. ಭಾವ ತೆವಳುವುದು ನಿಲ್ಲಿಸಿದ. ಡಬ್ಬ ಕದಲಲಿಲ್ಲ. ಬೀಗದವನು ಭಾವನ ಕಂಕುಳಿಗೆ ಕೈ ಕೊಟ್ಟು ಎಳೆದುಕೊಂಡ.

ಮೆಟ್ಟಿಲ ಮೇಲೆ ಕೂತರು. ಭಾವನ ಮೊಣಕೈ ತರಚಿತ್ತು, ಒಂದು ಕಾಲಿನ ಬೂಟು ಬಾವಿಗೆ ಬಿದ್ದು ಹೋಗಿತ್ತು. ಅವನು ಬರೀ ಕಾಲಿನ ಬೆರಳುಗಳನ್ನು ಅಲ್ಲಾಡಿಸಿ ನೋಡಿಕೊಂಡ.

"ತಪ್ಪು ನಂದು," ಅಂದ ಭಾವ. "ಆಡಬೇಡ ಅಂತ ಹೇಳಿಕೊಟ್ಟೋನೇ ಆಡಿಬಿಟ್ಟೆ. ಮಾತು ಆಡಿದ್ರೆ ಹೋಯ್ತು."

"ನಾನು ಕೇಳಬೇಕಿತ್ತು. ಬಿ..." ಬೀಗದವನಿಗೆ ಆ ಮಾತು ಪೂರ್ತಿ ಮಾಡಲು ಆಗಲಿಲ್ಲ. "ಕೇಳಬೇಕಿತ್ತು."

"ಹೌದು. ಕೇಳಬೇಕಿತ್ತು."

ಕೆಳಗಿನ ಮಹಡಿಯಲ್ಲಿ ಯಾರೋ ಲಿಫ್ಟಿನ ಗುಂಡಿ ಒತ್ತಿ ಒತ್ತಿ ಬೇಸರಪಟ್ಟು ಮೆಟ್ಟಿಲು ಹಿಡಿದರು.

"ನನ್ನ ತಮ್ಮನ್ನ ಯಾಕೆ ಮನೆಗೆ ಸೇರಿಸಲ್ಲ ಗೊತ್ತಾ?" ಅಂದ ಭಾವ. "ಕೆಲಸ ಬಿಟ್ಟ ಅಂತಲ್ಲ. ನಾನೇ ಓಡಿಸಿದೆ. ಅವನಿಗೆ ಭಯ ಅನ್ನೋದೇ ಇರಲಿಲ್ಲ. ನಾನು ಬಾವಿಯಲ್ಲಿದ್ರೆ ಅವನು ಮೇಲೆ ಕೂತು ಫೋನ್ ನೋಡ್ಕೊಂಡು ಎಡಗೈಲಿ ಲಿವರ್ ಎಳೀತಿದ್ದ. ಆಮೇಲೆ ನಿನ್ನನ್ನ ಕರೆದೆ. ಯಾಕೆ ಹೇಳು? ನಮ್ಮ ನೆಂಟರಲ್ಲೇ ನಿನ್ನಂಥ ಪುಕ್ಕಲ ಇನ್ನೊಬ್ಬ ಇಲ್ಲ ಅಂತ." ನಗಲು ನೋಡಿದ, ಆಗಲಿಲ್ಲ. "ಇಷ್ಟು ವರ್ಷದಿಂದ ಇಳೀತಿದೀನಿ, ದಿನಾ ಹೆದರ್ತೀನಿ. ನಿಮ್ಮತ್ತಿಗೆಗೆ ಕೂಡ ಹೇಳಿಲ್ಲ. ಮೇಲೆ ಕೂತೋನೂ ಹೆದರೋನಾಗಿರ್ಲಿ ಅಂತ ಆಸೆ."

ಬೀಗದವನು ಅಂದ, "ಬೇರೆಯವರು ಸಿಗೋವರೆಗೆ ನಾನೇ ಇರ್ತೀನಿ ಭಾವ."

"ಬೇಡ," ಅಂದ ಭಾವ. ತಡಮಾಡದೆ ಅಂದ. "ಸಿಟ್ಟಿಲ್ಲ ನನಗೆ, ನಿನ್ನಾಣೆ. ಆದ್ರೆ ನಾಳೆ ಮೇಲೆ ನೀನು ಕೂತಿದೀಯ ಅಂದ್ರೆ ನನ್ನ ಕಾಲು ಒಳಗೆ ಇಳಿಯಲ್ಲ. ಮನೇಲಿ ನಾನು ಹೇಳ್ಕೋತೀನಿ."

ಹೇಳಿಯೂ ಹೇಳಿದ. ಸಂಜೆ ಭಾವನ ಮನೆಯಲ್ಲಿ ಇಬ್ಬರನ್ನೂ ಕಂಡ ಅಕ್ಕತಂಗಿಯರು ಮೊಣಕೈ ಏನಾಯಿತು, ಬೂಟೆಲ್ಲಿ ಅಂತ ಕೇಳಿದರೆ, ಮೆಟ್ಟಿಲಲ್ಲಿ ಎಡವಿದೆ ಅಂದ. "ಇವನಿಗೆ ಗ್ರೀಸಿನ ವಾಸನೆ ಒಗ್ಗಲ್ಲ ಕಣೇ. ನಾನೇ ಬೇಡ ಅಂದೆ. ಬೀಗದ ಕೆಲಸ ಬಲ್ಲೋನು, ಬಾಗಿಲು ಮಾಡೋ ಕಂಪನಿಯಲ್ಲಿ ಹೇಳಿ ನೋಡ್ತೀನಿ." ಅತ್ತಿಗೆ ನಕ್ಕು, ಅಷ್ಟು ನಾಜೂಕು ಮೂಗಾ ನಿಮ್ಮದು ಅಂತ ಇವನನ್ನು ಛೇಡಿಸಿದಳು. ಹೆಂಡತಿ ಇವನ ಕಡೆ ನೋಡಿದ ನೋಟದಲ್ಲಿ, ಗೆದ್ದು ಬಂದಿರಿ ಅನ್ನುವ ಮೆಚ್ಚುಗೆಯಿತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ತವರಿನ ಬಾಗಿಲು ಅಗಲಕ್ಕೆ ತೆರೆದೇ ಇತ್ತು.

ಬೀಗದವನಿಗೆ ಮಾತ್ರ ಒಂದು ಕಂಡಿತು. ಇವನು ಚಹದ ಲೋಟ ಕೊಡಲು ಹೋದರೆ ಭಾವ ಕೈ ಚಾಚಲಿಲ್ಲ. ಇವನು ಲೋಟ ಕೆಳಗಿಟ್ಟು ಕೈ ತೆಗೆದ ಮೇಲೆ ಎತ್ತಿಕೊಂಡ. ಬೇಕಂತ ಮಾಡಿದ್ದಲ್ಲ, ಭಾವನಿಗೆ ಅದು ಗೊತ್ತೂ ಆಗಿರಲಿಲ್ಲ. ಇನ್ನು ಮೇಲೆ ಊಟಕ್ಕೆ ಕರೆಯುತ್ತಾರೆ, ನಗುತ್ತಾರೆ, ಎಲ್ಲ ಇರುತ್ತದೆ, ತನ್ನ ಕೈಯನ್ನು ಮಾತ್ರ ಈ ಮನುಷ್ಯ ನಂಬುವುದಿಲ್ಲ. ಬಾವಿಯ ಮೇಲೆ ಕೂತಾಗ ಆದದ್ದಕ್ಕಿಂತ ಹೆಚ್ಚಿನ ಭಯ ಅವನಿಗೆ ಆಗ ಆಯಿತು.

"ಹೇಗೂ ಬಂದಿದೀರಲ್ಲ," ಅಂದಳು ಅತ್ತಿಗೆ, "ಹಜಾರದ ಬಲ್ಬು ಹೋಗಿದೆ. ಒಬ್ಬರು ಹತ್ತಿ, ಒಬ್ಬರು ಸ್ಟೂಲು ನೋಡ್ಕೊಳ್ಳಿ. ಅದರ ಒಂದು ಕಾಲು ಆಡುತ್ತೆ."

ಭಾವ ಎದ್ದ. ಸ್ಟೂಲಿನ ಹತ್ತಿರ ಹೋಗಿ ನಿಂತ. ಬೀಗದವನು ಕೂತು ಅದರ ಎರಡು ಕಾಲಿಗೆ ಎರಡು ಕೈ ಕೊಟ್ಟ. ಭಾವ ಒಂದು ಕಾಲು ಮೇಲಿಟ್ಟು, ಇನ್ನೊಂದನ್ನೂ ಎತ್ತಿಟ್ಟು, ಬಲ್ಬಿಗೆ ಕೈ ಚಾಚಿದ. ಸ್ಟೂಲು ಒಂದಿಷ್ಟು ವಾಲಿತು.

"ರೀ, ಸರಿಯಾಗಿ ಹಿಡೀರಿ," ಅಂದಳು ಹೆಂಡತಿ.

ಬೀಗದವನ ಎರಡೂ ಕೈ ಮೇಲಕ್ಕೆ ಎದ್ದವು.

ಸ್ಟೂಲು ಕುಂಟಿತು. ಭಾವ ಗೋಡೆಗೆ ಅಂಗೈ ಕೊಟ್ಟು ಹೇಗೋ ನಿಂತ. ಮೊಳೆ ಮಾತ್ರ ಉಳಿದಿದ್ದ ಗೋಡೆ ಅದೇ. ಹೆಂಗಸರು ಏನಿದು ಮಂಗಾಟ ಅಂತ ನಕ್ಕರು. ಗಂಡಸರಿಬ್ಬರೂ ನಗಲಿಲ್ಲ. ಭಾವ ಮೇಲಿನಿಂದ ಇವನ ಕೈಗಳನ್ನೇ ನೋಡಿದ, ಗಾಳಿಯಲ್ಲಿ ಎತ್ತಿಕೊಂಡಿದ್ದ ಎರಡು ಕೈ. ಅವನ ಕಣ್ಣಲ್ಲಿ ಮಧ್ಯಾಹ್ನದ ಆ ಬಾವಿ ಮತ್ತೆ ಬಂದು ಹೋಯಿತು. ಈಗ ಇಳಿದುಬಿಡುತ್ತಾನೆ ಅಂದುಕೊಂಡ ಬೀಗದವನು.

ಭಾವ ಇಳಿಯಲಿಲ್ಲ.

"ಇದು ಮನೆ," ಅಂದ, ಮೆಲ್ಲಗೆ, ಇವನಿಗೊಬ್ಬನಿಗೇ ಕೇಳುವ ಹಾಗೆ. "ಇಲ್ಲಿ ಹಿಡಿ ಅಂದ್ರೆ ಹಿಡಿಯೋದು."

ಬೀಗದವನು ಹಿಡಿದ. ಭಾವ ಗೋಡೆಯಿಂದ ಕೈ ತೆಗೆದ. ಎರಡೂ ಕೈ ಎತ್ತಿ ಹಳೆಯ ಬಲ್ಬು ಬಿಚ್ಚಿದ, ಹೊಸದು ಸೇರಿಸಿದ. ಸ್ವಿಚ್ಚು ಒತ್ತಿದರು, ಬೆಳಕು ಬಂತು. ಭಾವ ಒಂದೊಂದೇ ಕಾಲು ಇಳಿಸಿ ನೆಲಕ್ಕೆ ಬಂದು ನಿಂತ. ಬೀಗದವನು ಹಾಗೇ ಕೂತಿದ್ದ, ಖಾಲಿ ಸ್ಟೂಲನ್ನು ಬೆರಳು ಬೆಳ್ಳಗಾಗುವಷ್ಟು ಒತ್ತಿ ಹಿಡಿದುಕೊಂಡು.

"ಬಿಡಲಾ?" ಅಂತ ಕೇಳಿದ.

ಭಾವ ಬಗ್ಗಿ, ತರಚಿದ ಕೈಯನ್ನು ಇವನ ಕೈಯ ಮೇಲಿಟ್ಟ.

"ಬಿಡು," ಅಂದ.